ಕುದುರೆಯೊಂದಿಗೆ ಬೀಡು: ಮೊದಲು ಅದರ ರಾತ್ರಿ, ಆಮೇಲೆ ನಿಮ್ಮ ಹಾಸಿಗೆ

ಕುದುರೆಯನ್ನು ಕರೆದುಕೊಂಡು ಎರಡು ಮೂರು ರಾತ್ರಿ ಹೊರಗೆ ಕಳೆಯಬೇಕೆಂದು ಹೊರಟವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಡೇರೆ ಸಾಕೇ, ಕುದುರೆ ಸಾಗಿಸುವ ಟ್ರೇಲರಿನಲ್ಲೇ ಮಲಗಬಹುದೇ, ಅಥವಾ ಅಡುಗೆಮನೆ, ಸ್ನಾನದ ಮನೆ ಎಲ್ಲ ಇರುವ ದೊಡ್ಡ ಟ್ರೇಲರನ್ನೇ ಕೊಳ್ಳಬೇಕೇ? ಮೂರೂ ಸವಾರನ ಹಾಸಿಗೆಯ ಮಾತು. ಸವಾರನಿಗೆ ಒಂದು ರಾತ್ರಿ ನಿದ್ದೆ ಬರದಿದ್ದರೆ ಮರುದಿನ ಗೊಣಗುತ್ತಾನೆ, ಅಷ್ಟೇ. ಐನೂರು ಕಿಲೋ ತೂಗುವ, ಕತ್ತಲಲ್ಲಿ ಪ್ಲಾಸ್ಟಿಕ್ ಚೀಲವೊಂದು ಹಾರಿದರೂ ಓಡಬೇಕೆನಿಸುವ ಪ್ರಾಣಿಯ ರಾತ್ರಿ ಕೆಟ್ಟರೆ ಅದು ಗೊಣಗಾಟದಲ್ಲಿ ಮುಗಿಯುವುದಿಲ್ಲ. ಹಾಗಾಗಿ ಕುದುರೆಯನ್ನು ರಾತ್ರಿ ಎಲ್ಲಿ, ಹೇಗೆ ನಿಲ್ಲಿಸುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ಅದಾದ ಮೇಲೆ ನಿಮ್ಮ ಹಾಸಿಗೆಯ ಆಯ್ಕೆಗಳಲ್ಲಿ ಅರ್ಧ ತಾವಾಗಿಯೇ ಉದುರಿಹೋಗುತ್ತವೆ.

ಯಾವುದರಿಂದ ಅಳೆಯಬೇಕು

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎನ್ನುವುದು ಅರ್ಧ ಸತ್ಯ. ಕಾಲಿನ ಕೀಲುಗಳನ್ನು ಬಿಗಿಹಿಡಿಯುವ ಸ್ನಾಯುರಜ್ಜುಗಳ ಏರ್ಪಾಡು ಇರುವುದರಿಂದ ಅದು ನಿಂತು ತೂಕಡಿಸಬಲ್ಲದು. ಆದರೆ ಕನಸು ಬೀಳುವಂಥ ಗಾಢ ನಿದ್ದೆಗೆ ನೆಲಕ್ಕೆ ಒರಗಲೇಬೇಕು. ಅದಕ್ಕೆ ದಿನಕ್ಕೆ ಅರ್ಧದಿಂದ ಒಂದು ಗಂಟೆ ಸಾಕು. ಒಂದು ರಾತ್ರಿ ತಪ್ಪಿದರೆ ನಡೆದೀತು, ಹಲವು ದಿನ ತಪ್ಪಿದರೆ ನಿಂತಲ್ಲೇ ಮಂಡಿ ಕುಸಿಯುವ ಸ್ಥಿತಿ ಬರುತ್ತದೆ. ಆದ್ದರಿಂದ ಯಾವುದೇ ಏರ್ಪಾಡಿಗೆ ನಾನು ಕೇಳುವ ಮೊದಲ ಪ್ರಶ್ನೆ: ಇಲ್ಲಿ ಕುದುರೆ ಮಲಗಿ ಏಳಬಹುದೇ?

ಎರಡನೆಯದು ಮೇವು ಮತ್ತು ನೀರು. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಆಮ್ಲ ಮಾತ್ರ ಅಲ್ಲಿ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ. ಹುಲ್ಲಿಲ್ಲದೆ ಇಡೀ ರಾತ್ರಿ ನಿಂತ ಕುದುರೆ ಬೆಳಿಗ್ಗೆ ಸೋತ ಮುಖ ಮಾಡಿಕೊಂಡಿದ್ದರೆ ಅದು ಮುನಿಸಲ್ಲ. ಐನೂರು ಕಿಲೋದ ಕುದುರೆಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣಹುಲ್ಲು, ಸುಮಾರು 25ರಿಂದ 45 ಲೀಟರ್ ನೀರು ಬೇಕು. ಸೆಕೆಯಲ್ಲಿ ಸವಾರಿ ಮಾಡಿದ ದಿನ ಇನ್ನೂ ಹೆಚ್ಚು.

ಇದನ್ನು ಕಾಗದದ ಮೇಲೆ ಕೂಡಿಸಿ ನೋಡಿ. ಎರಡು ಕುದುರೆ, ಮೂರು ದಿನ, ಬೀಡು ಬಿಡುವಲ್ಲಿ ನೀರಿಲ್ಲ ಎಂದುಕೊಳ್ಳೋಣ. ದಿನಕ್ಕೆ ತಲಾ 40 ಲೀಟರಿನಂತೆ 240 ಲೀಟರ್, ಅಂದರೆ 240 ಕಿಲೋ. ಹುಲ್ಲು 54 ಕಿಲೋ. ಜೀನು, ಲಗಾಮು, ಬಕೆಟ್ಟು, ನಿಮ್ಮ ಊಟದ ಡಬ್ಬ, ಹಾಸಿಗೆ ಎಲ್ಲ ಸೇರಿ ಇನ್ನೊಂದು ನೂರು. ಕುದುರೆಗಳೇ ಒಂದು ಟನ್. ಎರಡು ಕುದುರೆಯ ಸಾದಾ ಟ್ರೇಲರಿನ ಸ್ವಂತ ತೂಕ 1,300 ಕಿಲೋ ಎಂದಿಟ್ಟುಕೊಂಡರೆ, ಒಂದು ಹಾಸಿಗೆ ಕೋಣೆಯೂ ಇಲ್ಲದ ಈ ಬಡ ಏರ್ಪಾಡು 2,700 ಕಿಲೋ ಹತ್ತಿರ ಬಂದಾಯಿತು. ಹಿಂದಿನ ಕೊಂಡಿಗೆ ಸಿಕ್ಕಿಸುವ ಟ್ರೇಲರಾದರೆ ಅದರ ಹತ್ತರಿಂದ ಹದಿನೈದು ಶೇಕಡಾ ಭಾರ ಕೊಂಡಿಯ ಮೇಲೆ ಕೂರುತ್ತದೆ. ಇಲ್ಲಿ 270ರಿಂದ 400 ಕಿಲೋ. ಅದು ಎಳೆಯುವ ವಾಹನದ ಹೊರೆ ಮಿತಿಯಲ್ಲಿ ಸೇರಬೇಕು, ನೀವು, ನಿಮ್ಮ ಗೆಳೆಯ, ಹಿಂದಿನ ಸೀಟಿನ ನಾಯಿ ಎಲ್ಲರ ಜೊತೆಗೆ. ಮಾರುವವರು "ಇದು ಮೂರೂವರೆ ಟನ್ ಎಳೆಯುತ್ತದೆ" ಎಂದಾಗ ಹೇಳದೆ ಉಳಿಸುವುದು ಈ ಲೆಕ್ಕವನ್ನೇ. ಎಳೆಯುವುದಕ್ಕಿಂತ ಇಳಿಜಾರಿನಲ್ಲಿ ನಿಲ್ಲಿಸುವುದು ಕಷ್ಟ ಎಂಬುದನ್ನೂ ಅವರು ಹೇಳುವುದಿಲ್ಲ.

ಕೊನೆಯ ಮಾನದಂಡವನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ನಾನೂ ಬಹಳ ಕಾಲ ಬರೆದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಕುದುರೆಗೆ ಹೊಟ್ಟೆಶೂಲೆ ಬಂದರೆ, ಎಷ್ಟು ನಿಮಿಷದಲ್ಲಿ ಅದನ್ನು ಹತ್ತಿಸಿಕೊಂಡು ರಸ್ತೆಗೆ ಬೀಳಬಲ್ಲಿರಿ? ಪ್ರಯಾಣ, ಕಡಿಮೆ ನೀರು, ಬದಲಾದ ಮೇವು ಎಲ್ಲವೂ ಶೂಲೆಗೆ ದಾರಿ ಮಾಡಿಕೊಡುವಂಥವು. ಒಮ್ಮೆ ನಮ್ಮ ಪಕ್ಕದ ಬಿಡಾರದವರ ಕುದುರೆ ನಡುರಾತ್ರಿ ನೆಲ ಕೆರೆದು ಹೊಟ್ಟೆಯತ್ತ ತಿರುಗಿ ನೋಡತೊಡಗಿತು. ಅವರದು ಸಕಲ ಸೌಕರ್ಯದ ಟ್ರೇಲರ್. ಮುಂದಿನ ಚಾವಣಿ ಸುತ್ತಬೇಕು, ಪಕ್ಕಕ್ಕೆ ಚಾಚಿದ ಗೋಡೆ ಒಳಗೆಳೆಯಬೇಕು, ನಾಲ್ಕು ಜಾಕ್ ಎತ್ತಬೇಕು, ನೀರಿನ ಕೊಳವೆ ಬಿಚ್ಚಬೇಕು, ಒಲೆಯ ಮೇಲಿನ ಪಾತ್ರೆ ಒಳಗಿಡಬೇಕು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕುದುರೆ ಹೋದದ್ದು ನಮ್ಮ ಹಳೆಯ ಸಾದಾ ಟ್ರೇಲರಿನಲ್ಲಿ. ಅದು ಉಳಿಯಿತು ಅನ್ನಿ. ಆದರೆ ಆ ರಾತ್ರಿಯಿಂದ ನನ್ನ ಲೆಕ್ಕದಲ್ಲಿ ಸೌಕರ್ಯದ ಬೆಲೆ ಬದಲಾಗಿದೆ.

ಕುದುರೆಯ ರಾತ್ರಿಗೆ ಐದು ದಾರಿ

ಅತ್ಯಂತ ಅಗ್ಗದ್ದು ಟ್ರೇಲರಿನ ಪಕ್ಕಕ್ಕೇ ಕಟ್ಟುವುದು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಒಂದು ರಾತ್ರಿಯ ತಂಗುವಿಕೆಗೆ, ದಾರಿಯ ನಡುವಿನ ನಿಲುಗಡೆಗೆ ಇದು ಸಾಕು. ತೊಂದರೆ ಏನೆಂದರೆ ಹಗ್ಗ ಗಿಡ್ಡವಿದ್ದರೆ ಮಲಗಲಾಗದು, ಉದ್ದವಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಟ್ರೇಲರಿನ ಮೇಲ್ಭಾಗದಿಂದ ಹೊರಚಾಚುವ ಸ್ಪ್ರಿಂಗ್ ತೋಳು ಅಳವಡಿಸಿದರೆ ಹಗ್ಗ ತಲೆಯ ಮೇಲಿಂದ ಬರುವುದರಿಂದ ಇಕ್ಕಟ್ಟು ಸ್ವಲ್ಪ ಕಡಿಮೆಯಾಗುತ್ತದೆ. ಚಕ್ರದ ಮೇಲಿನ ತಗಡಿನ ಅಂಚು, ಬಾಗಿಲಿನ ಚಿಲಕ, ನಂಬರ್ ಪ್ಲೇಟಿನ ಮೂಲೆ, ಇವುಗಳ ಮೇಲೆಲ್ಲ ಕೈಯಾಡಿಸಿ ನೋಡಿ. ನಿಮ್ಮ ಕೈಗೆ ತರಚುವುದು ಕುದುರೆಯ ಕಾಲನ್ನು ಸೀಳುತ್ತದೆ. ಇನ್ನೊಂದು ಮಾತು: ಎಳೆಯುವ ವಾಹನದಿಂದ ಬಿಚ್ಚಿದ ಟ್ರೇಲರಿಗೆ ಕುದುರೆ ಕಟ್ಟಬೇಡಿ. ಗಾಬರಿಬಿದ್ದ ಕುದುರೆ ಹಿಂದಕ್ಕೆ ಜಗ್ಗಿದರೆ ಖಾಲಿ ಟ್ರೇಲರ್ ಅದರ ಜೊತೆಗೇ ಹೊರಡುತ್ತದೆ. ಓಡುವ ಕುದುರೆಯ ಬೆನ್ನಟ್ಟಿ ಬರುವ ಟ್ರೇಲರಿನ ಚಿತ್ರವನ್ನು ಕಲ್ಪಿಸಿಕೊಂಡರೆ ಸಾಕು.

ನನಗೆ ಹೆಚ್ಚು ಒಗ್ಗಿರುವುದು ಹೈಲೈನ್, ಅಂದರೆ ಎರಡು ಗಟ್ಟಿ ಮರಗಳ ನಡುವೆ ಕುದುರೆಯ ತಲೆಗಿಂತ ಎತ್ತರದಲ್ಲಿ ಬಿಗಿದ ಹಗ್ಗ. ನೆಲದಿಂದ ಕನಿಷ್ಠ 2.1 ಮೀಟರ್, ಎರಡೂವರೆಯಾದರೆ ಇನ್ನೂ ಒಳ್ಳೆಯದು. ಮರದ ಸುತ್ತ ಐದು ಸೆಂಟಿಮೀಟರಿಗಿಂತ ಅಗಲವಾದ ಪಟ್ಟಿ ಹಾಕಿ, ಅದಕ್ಕೆ ಹಗ್ಗ ಬಿಗಿಯಬೇಕು. ಬರಿಯ ಹಗ್ಗ ತೊಗಟೆಯನ್ನು ಕೊರೆದು ಮರವನ್ನೇ ಕೊಲ್ಲುತ್ತದೆ. ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತದೆ. ಸಂಜೆ ಬಿಗಿದದ್ದು ನಡುರಾತ್ರಿಗೆ ಜೋಲಿಯಾಗಿರುತ್ತದೆ. ಪಾಲಿಯೆಸ್ಟರ್ ಮೇಲು. ಕುದುರೆಯ ಹಗ್ಗ ತಿರುಗುವ ಕೊಂಡಿಗೆ ಕಟ್ಟಿರಲಿ, ಇಲ್ಲವಾದರೆ ಅದು ಸುತ್ತು ಹಾಕಿದಂತೆಲ್ಲ ಹಗ್ಗ ಹುರಿಗೊಂಡು ಗಿಡ್ಡವಾಗುತ್ತ ಹೋಗುತ್ತದೆ. ಉದ್ದ ಎಷ್ಟಿರಬೇಕೆಂದರೆ ಮೂಗು ನೆಲದ ಹುಲ್ಲನ್ನು ಮುಟ್ಟಬೇಕು, ಆದರೆ ಹಗ್ಗ ಕಾಲು ದಾಟುವಷ್ಟು ಜೋತುಬೀಳಬಾರದು. ಈ ಒಂದು ಅಳತೆ ಕೈಗೆ ಹತ್ತಲು ನನಗೆ ಮೂರು ಪ್ರವಾಸ ಬೇಕಾದವು. ಎರಡು ಕುದುರೆಗಳ ನಡುವೆ ಮೂರು ಮೀಟರ್ ಬಿಡಿ, ತುದಿಯ ಕುದುರೆ ಮರದ ಬುಡ ಮುಟ್ಟದಷ್ಟು ದೂರವಿರಲಿ.

ಹೈಲೈನ್ ಪೂರ್ತಿ ಒಂದು ಚಿಕ್ಕ ಚೀಲದಲ್ಲಿ ಹಿಡಿಸುತ್ತದೆ, ಬೆಲೆ ಕಡಿಮೆ, ಕಲಿತ ಕುದುರೆ ಅದರಲ್ಲಿ ಮಲಗಿ ಏಳುತ್ತದೆ. ಆದರೆ ಮರ ಬೇಕು. ಬಯಲಲ್ಲಿ, ಪೊದೆಗಳ ನಾಡಿನಲ್ಲಿ, ಮರಕ್ಕೆ ಏನನ್ನೂ ಕಟ್ಟಬಾರದೆಂಬ ನಿಯಮವಿರುವ ಕಡೆ ಅದು ಚೀಲದಲ್ಲೇ ಉಳಿಯುತ್ತದೆ. ಅದು ಯಾವ ಮರ ಎಂಬುದನ್ನೂ ನೋಡಿಕೊಳ್ಳಿ. ಯೂ ಮರ, ಕಣಗಿಲೆ, ಬಾಡಿದ ಕೆಂಪು ಮೇಪಲ್ ಎಲೆ ಕುದುರೆಗೆ ವಿಷ. ಬೇಸರಕ್ಕೆ ಎಲೆ ಕಿತ್ತು ತಿನ್ನುವ ಚಾಳಿ ಕಟ್ಟಿಹಾಕಿದ ಕುದುರೆಗೆ ಸಹಜ.

ವಿದ್ಯುತ್ ಬೇಲಿ ಕಣ್ಣಿಗೆ ಬಹಳ ಚೆಂದ. ಹಗುರ ಕಂಬಗಳನ್ನು ಕಾಲಿನಿಂದ ಒತ್ತಿ ನೆಡುತ್ತೀರಿ, ಬಿಳಿ ಪಟ್ಟಿ ಎಳೆಯುತ್ತೀರಿ, ಪಟ್ಟಿಗೆ ವಿದ್ಯುತ್ತಿನ ಮಿಡಿತ ಕಳಿಸುವ ಪೆಟ್ಟಿಗೆ, ಅಂದರೆ ಬ್ಯಾಟರಿ ಅಥವಾ ಸೌರಫಲಕದ ಎನರ್ಜೈಸರ್ ಟಿಕ್ ಟಿಕ್ ಎನ್ನುತ್ತದೆ. ಕುದುರೆ ಬಿಡುಬೀಸಾಗಿ ಮೇಯುತ್ತದೆ, ಹೊರಳುತ್ತದೆ, ಮಲಗುತ್ತದೆ. ಮೊದಲ ಮಾನದಂಡಕ್ಕೆ ಪೂರ್ಣ ಅಂಕ. ಜಾಗಕ್ಕೆ ತಕ್ಕಂತೆ ಆಕಾರ ಬದಲಿಸಬಹುದು, ತೂಕವೂ ಹೆಚ್ಚಿಲ್ಲ.

ಆದರೆ ಅದು ಗೋಡೆಯಲ್ಲ, ಕುದುರೆಯ ತಲೆಯೊಳಗಿನ ಒಂದು ನಂಬಿಕೆ ಮಾತ್ರ. ನಮ್ಮ ಎರಡನೇ ಪ್ರವಾಸದಲ್ಲಿ ಅದು ನನಗೆ ಅರ್ಥವಾಯಿತು. ಮರಳುಮಿಶ್ರಿತ ಒಣ ನೆಲ, ಮಳೆ ಬಿದ್ದು ತಿಂಗಳಾಗಿತ್ತು. ಸಂಜೆ ಬೇಲಿ ಹಾಕಿ, ಟಿಕ್ ಟಿಕ್ ಕೇಳಿಸಿಕೊಂಡು, ನೆಮ್ಮದಿಯಿಂದ ಮಲಗಿದೆ. ಬೆಳಗಿನ ಜಾವ ಎದ್ದು ಟಾರ್ಚ್ ಹಾಯಿಸಿದರೆ ಎರಡು ಕಂಬ ಅಂಗಾತ ಬಿದ್ದಿವೆ, ಪಟ್ಟಿ ಹುಲ್ಲಿನ ಮೇಲೆ ಸುರುಳಿಯಾಗಿದೆ, ಎನರ್ಜೈಸರ್ ಮಾತ್ರ ಏನೂ ಆಗದವರಂತೆ ಟಿಕ್ ಟಿಕ್ ಎನ್ನುತ್ತಿದೆ. ನಮ್ಮ ಎರಡು ಕುದುರೆಗಳಲ್ಲಿ ಚುಕ್ಕಿಯೂ ಇಲ್ಲ, ಭೀಮನೂ ಇಲ್ಲ. ಇಬ್ಬನಿಯಲ್ಲಿ ಗೊರಸಿನ ಗೆರೆ ಬಂದ ದಾರಿಯತ್ತಲೇ ಹೊರಟಿತ್ತು. ಒಂದೂವರೆ ಕಿಲೋಮೀಟರ್ ನಡೆದ ಮೇಲೆ ಇಬ್ಬರೂ ರಸ್ತೆಯ ಅಂಚಿನಲ್ಲಿ ಮೇಯುತ್ತ ಸಿಕ್ಕರು. ತಪ್ಪು ಬೇಲಿಯದಲ್ಲ, ನನ್ನದು. ಬೇಲಿಯ ಏಟು ಕುದುರೆಗೆ ತಾಗಬೇಕಾದರೆ ವಿದ್ಯುತ್ತು ಅದರ ಮೈಯಿಂದ ನೆಲಕ್ಕಿಳಿದು ಭೂಸಂಪರ್ಕದ ಸಲಾಕೆಗೆ ಮರಳಬೇಕು. ಒಣ ಮರಳು ಆ ದಾರಿಯನ್ನು ಕಡಿದುಹಾಕುತ್ತದೆ. ಸಲಾಕೆಯನ್ನು ಇನ್ನೂ ಆಳಕ್ಕೆ ಹೊಡೆದು ಸುತ್ತ ಒಂದು ಬಕೆಟ್ ನೀರು ಸುರಿದಿದ್ದರೆ, ಬೇಲಿ ಪರೀಕ್ಷಿಸುವ ಪುಟ್ಟ ಮಾಪಕವನ್ನು ಪಟ್ಟಿಗೆ ತಾಗಿಸಿದ್ದರೆ ಸಾಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ಮಾಪಕವನ್ನು ನಾನು ಕೊಂಡದ್ದು ಆ ಪ್ರವಾಸದಿಂದ ಮರಳಿದ ಮೇಲೆ.

ಮನೆಯಲ್ಲಿ ವಿದ್ಯುತ್ ಬೇಲಿಯ ರುಚಿ ಕಂಡ ಶಾಂತ ಕುದುರೆಗಳಿಗೆ ಇದು ಒಳ್ಳೆಯದು. ದೊಡ್ಡ ರಸ್ತೆಯ ಪಕ್ಕ, ಕಾಡುಪ್ರಾಣಿಗಳು ನುಗ್ಗುವ ಜಾಗದಲ್ಲಿ, ಹೊಸದಾಗಿ ಕೊಂಡ ಕುದುರೆಗೆ ಬೇಡ. ದಾರದಂಥ ತಂತಿಗಿಂತ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ.

ಜೋಡಿಸುವ ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟುಗಳ ದೊಡ್ಡಿ ಕಣ್ಣಿಗೂ ಕುದುರೆಗೂ ನಿಜವಾದ ಗೋಡೆ. ಮೂರು ಮೀಟರಿನ ಎಂಟು ಚೌಕಟ್ಟು ಸೇರಿಸಿದರೆ ಆರು ಮೀಟರ್ ಚೌಕದ ಒಂದು ಅಂಗಳ, ಹನ್ನೆರಡು ಸೇರಿಸಿದರೆ ಒಂಬತ್ತು ಮೀಟರ್ ಚೌಕ. ಹೊಂದಿಕೊಂಡ ಜೋಡಿಗೆ ಅದು ಸುಖದ ಜಾಗ. ಆದರೆ ಈ ಚೌಕಟ್ಟುಗಳನ್ನು ಟ್ರೇಲರಿನ ಪಕ್ಕಕ್ಕೆ ನೇತುಹಾಕಿ ಸಾಗಿಸಬೇಕು, ಪ್ರತಿ ಸಲ ಇಳಿಸಿ ಏರಿಸಬೇಕು, ಉಕ್ಕಿನವಾದರೆ ಸೊಂಟ ಪ್ರತಿ ಚೌಕಟ್ಟಿನ ಹೆಸರು ಹಿಡಿದು ಶಪಿಸುತ್ತದೆ. ಅವುಗಳ ತೂಕ ಮೇಲಿನ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡಿ. ನೆಲಕ್ಕೆ ನೆಟ್ಟಿಲ್ಲದ ಕಾರಣ, ಆಚೆ ಬದಿಯ ಹುಲ್ಲಿಗೆ ಕತ್ತು ಚಾಚುವ ಕುದುರೆ ಇಡೀ ದೊಡ್ಡಿಯನ್ನೇ ಮೆಲ್ಲಗೆ ತಳ್ಳಿಕೊಂಡು ಹೋಗುವುದುಂಟು. ಒಂದು ಬದಿಗೆ ಟ್ರೇಲರನ್ನೇ ಗೋಡೆಯಾಗಿಸಿ ಅದಕ್ಕೆ ಬಿಗಿದರೆ ಚೌಕಟ್ಟೂ ಉಳಿಯುತ್ತದೆ, ದೊಡ್ಡಿಯೂ ನಿಲ್ಲುತ್ತದೆ.

ಮುಂಗಾಲುಗಳಿಗೆ ಹಾಕುವ ಕಾಲ್ಪಟ್ಟಿ, ಒಂದು ಕಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಡುವುದು, ಇವು ಹಳೆಯ ಕ್ರಮಗಳು. ಕಲಿಸಿದ ಕುದುರೆಗೆ, ನೀವು ಎದುರು ಕುಳಿತು ನೋಡುತ್ತಿರುವ ಮೇಯುವ ಹೊತ್ತಿಗೆ ಮಾತ್ರ. ಕಾಲ್ಪಟ್ಟಿ ಹಾಕಿದ ಕುದುರೆ ನಿಧಾನ ಎಂದುಕೊಂಡವರು ಅದು ಎರಡೂ ಮುಂಗಾಲು ಜೋಡಿಸಿ ಮೊಲದಂತೆ ನೆಗೆಯುವುದನ್ನು ಕಂಡಿಲ್ಲ.

ಈಗ ಸವಾರನ ಸರದಿ

ಸಾದಾ ಟ್ರೇಲರ್ ಮತ್ತು ಡೇರೆ: ನನ್ನ ಮತ ಇದರ ಕಡೆಗೇ ಸ್ವಲ್ಪ ವಾಲಿದೆ, ಮೊದಲೇ ಹೇಳಿಬಿಡುತ್ತೇನೆ. ಖರ್ಚು ಕಡಿಮೆ. ಎಳೆಯುವ ವಾಹನ ಮಧ್ಯಮ ಗಾತ್ರದ್ದಾದರೂ ಲೆಕ್ಕ ಹೊಂದಿಸಿಕೊಳ್ಳಬಹುದು. ಕಿರಿದಾದ ಮಣ್ಣಿನ ರಸ್ತೆಯಲ್ಲಿ ನುಗ್ಗುತ್ತದೆ, ತಪ್ಪಿದರೆ ಹಿಂದಕ್ಕೆ ತಿರುಗಿಸಬಹುದು. ತುರ್ತು ಬಂದರೆ ಡೇರೆ ನಿಂತಲ್ಲೇ ನಿಂತಿರಲಿ, ಕುದುರೆ ಹತ್ತಿಸಿಕೊಂಡು ಹತ್ತು ನಿಮಿಷದಲ್ಲಿ ಹೊರಟಿರುತ್ತೀರಿ. ಡೇರೆಯ ಬಟ್ಟೆಯ ಗೋಡೆಗೆ ಇನ್ನೊಂದು ಗುಣವಿದೆ: ಕುದುರೆಯ ಸದ್ದು ಕೇಳಿಸುತ್ತದೆ. ಹುಲ್ಲು ಅಗಿಯುವ ಕರಕರ ಸದ್ದು ನಿಂತು, ಮೂಗಿನಿಂದ ಜೋರಾಗಿ ಫೂತ್ಕರಿಸಿದರೆ ಅರೆನಿದ್ದೆಯಲ್ಲೂ ಕಣ್ಣು ತೆರೆಯುತ್ತದೆ. ಮಳೆ, ಚಳಿ, ಗಾಳಿ, ಬೆನ್ನುನೋವು ಇದರ ಮೈನಸ್‌ಗಳು. ವಯಸ್ಸು ಐವತ್ತು ದಾಟಿದವರಿಗೆ ನೆಲದಿಂದ ಏಳುವುದೇ ದಿನದ ಮೊದಲ ವ್ಯಾಯಾಮ. ಎತ್ತರದ ಮಡಿಚುವ ಮಂಚ ಅದಕ್ಕೆ ಅರ್ಧ ಪರಿಹಾರ. ಡೇರೆಯನ್ನು ಕುದುರೆಯ ಹಗ್ಗದಿಂದ ದೂರವಿಡಿ. ಬಿಡಿಸಿಕೊಂಡ ಕುದುರೆ ಕತ್ತಲಲ್ಲಿ ಡೇರೆಯ ಹಗ್ಗಕ್ಕೆ ಎಡವಿದರೆ ಒಳಗಿರುವವರ ಗತಿ ಹೇಳಬೇಕಿಲ್ಲ.

ಟ್ರೇಲರಿನೊಳಗೇ ಮಲಗುವುದು ಡೇರೆಯ ಒಂದು ಬುದ್ಧಿವಂತ ಸುಧಾರಣೆ. ಕುದುರೆಗಳು ಹೊರಗೆ ಹೈಲೈನಿನಲ್ಲಿ, ನೀವು ಒಳಗೆ. ಲದ್ದಿ ಬಾಚಿ, ರಬ್ಬರ್ ಹಾಸನ್ನು ತೊಳೆದು, ಒಣಗಿಸಿ, ಮಂಚ ಹಾಕಿದರೆ ಮಳೆಗೆ ಹೆದರಬೇಕಿಲ್ಲ. ಅಮೋನಿಯಾ ವಾಸನೆ ಪೂರ್ತಿ ಹೋಗುತ್ತದೆ ಎಂದು ನಂಬಿಸುವವರನ್ನು ನಂಬಬೇಡಿ. ಮುಂಭಾಗದ ಜೀನಿನ ಕೋಣೆ ಸ್ವಲ್ಪ ದೊಡ್ಡದಿದ್ದರೆ ಅಲ್ಲೇ ಮಡಿಚುವ ಹಲಗೆ ಅಳವಡಿಸಿಕೊಳ್ಳುವುದು ಇನ್ನೂ ಉತ್ತಮ. ತೊಗಲಿನ ವಾಸನೆ ನನಗೇನೋ ಇಷ್ಟ. ಮುಚ್ಚಿದ ಲೋಹದ ಡಬ್ಬಿಯಲ್ಲಿ ಉಸಿರಿನ ತೇವ ಚಾವಣಿಯಿಂದ ತೊಟ್ಟಿಕ್ಕುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ. ಗ್ಯಾಸ್ ಹೀಟರ್ ಅಥವಾ ಕೆಂಡ ಒಳಗಿಟ್ಟುಕೊಂಡು ಮಲಗುವುದು ಸಾವಿಗೆ ಆಹ್ವಾನ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಕುದುರೆಯನ್ನು ಹೊರಗೆ ಅದೇ ಟ್ರೇಲರಿಗೆ ಕಟ್ಟಿದ್ದರೆ ಅದು ಬೆನ್ನು ಉಜ್ಜಿದಾಗಲೆಲ್ಲ ನಿಮ್ಮ ಮಂಚ ತೊಟ್ಟಿಲಾಗುತ್ತದೆ, ಲಾಲಿ ಹಾಡು ಮಾತ್ರ ಇರುವುದಿಲ್ಲ.

ವಾಸದ ಕೋಣೆ ಇರುವ ದೊಡ್ಡ ಟ್ರೇಲರ್ ಬಹುತೇಕ ಗೂಸ್‌ನೆಕ್ ಮಾದರಿಯದು. ಕೊಂಡಿ ಪಿಕಪ್ಪಿನ ಹಿಂಭಾಗದ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ಮೇಲೆಯೇ ಕೂರುವುದರಿಂದ ಓಲಾಟ ಕಡಿಮೆ, ದೂರದ ಪಯಣಕ್ಕೆ ಇದರಷ್ಟು ಸ್ಥಿರವಾದದ್ದು ಎಳೆಯುವವುಗಳಲ್ಲಿ ಇನ್ನೊಂದಿಲ್ಲ. ಮೆತ್ತನೆಯ ಹಾಸಿಗೆ, ಫ್ರಿಜ್, ಬಿಸಿನೀರು. ತಿಂಗಳಿಗೆ ಎರಡು ಸಲ ಹೊರಡುವವರಿಗೆ, ಸ್ಪರ್ಧೆಯಿಂದ ಸ್ಪರ್ಧೆಗೆ ವಾರಗಟ್ಟಲೆ ತಿರುಗುವವರಿಗೆ, ಮಕ್ಕಳು ಅಥವಾ ಹಿರಿಯರು ಜೊತೆಗಿರುವವರಿಗೆ ಇದು ಆಡಂಬರವಲ್ಲ. ವರ್ಷಕ್ಕೆ ಮೂರು ನಾಲ್ಕು ರಾತ್ರಿ ಹೋಗುವವರಿಗೆ ಖಂಡಿತ ಆಡಂಬರವೇ. ಕುದುರೆಯಿಲ್ಲದೆಯೇ ಇದು ಮೂರು ಟನ್ ದಾಟುವುದು ಸಾಮಾನ್ಯ, ಕುದುರೆ, ನೀರು ತುಂಬಿದರೆ ಭಾರೀ ಪಿಕಪ್ ಬೇಕು, ಅಂದರೆ ಟ್ರೇಲರಿನ ಬೆಲೆಗೆ ವಾಹನದ ಬೆಲೆಯೂ ಸೇರಿತು. ನಿಮ್ಮ ಚಾಲನಾ ಪರವಾನಗಿ ಇಷ್ಟು ತೂಕಕ್ಕೆ ಸಾಲುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿ. ತಿರುವಿನಲ್ಲಿ ಇದರ ಹಿಂದಿನ ಚಕ್ರ ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ, ತಗ್ಗಿದ ಕೊಂಬೆಗಳು ಚಾವಣಿಯನ್ನು ಗೀಚುತ್ತವೆ. ಸವಾರಿಗೆ ಒಳ್ಳೆಯ ದಾರಿಗಳು ಇರುವ ಕಡೆಯ ಬಿಡಾರದ ಜಾಗಗಳಲ್ಲಿ ಎಷ್ಟಕ್ಕೆ ಇದು ತಲುಪುತ್ತದೆ ಎಂದು ಎಣಿಸಿ ನೋಡಿ.

ಕುದುರೆ ಲಾರಿ ಎಂದರೆ ಚಾಲಕನ ಸೀಟು, ಮಲಗುವ ಜಾಗ, ಕುದುರೆಯ ಜಾಗ ಎಲ್ಲ ಒಂದೇ ಗಾಡಿಯಲ್ಲಿ. ಕೊಂಡಿ ಸಿಕ್ಕಿಸುವ, ಹಿಂದಕ್ಕೆ ತಿರುಗಿಸುವ ತಲೆನೋವಿಲ್ಲ. ಆದರೆ ಗಾಡಿ ಕೆಟ್ಟರೆ ಮನೆ, ಲಾಯ, ಕಾಲು ಮೂರೂ ಒಟ್ಟಿಗೆ ಕೆಟ್ಟಂತೆ. ಹಾಲು ತರಲು ಹೋಗಬೇಕಾದರೂ ಇಡೀ ಬಿಡಾರವನ್ನೇ ಓಡಿಸಬೇಕು. ಮೂರೂವರೆ ಟನ್ ಮಿತಿಯ ಚಿಕ್ಕ ಲಾರಿಗಳಲ್ಲಿ ಒಂದು ಮೋಸವಿದೆ: ಎರಡು ಕುದುರೆಗೆ ಜಾಗ ಕಾಣಿಸುತ್ತದೆ, ಎರಡು ದೊಡ್ಡ ಕುದುರೆಯ ತೂಕಕ್ಕೆ ಅನುಮತಿ ಉಳಿದಿರುವುದಿಲ್ಲ. ಕೊಳ್ಳುವ ಮೊದಲು ಅದನ್ನು ವಾಹನ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ.

ಪಿಕಪ್ಪಿನ ತೊಟ್ಟಿಯ ಮೇಲೆ ಕೂರಿಸುವ ಮಲಗುವ ಕೋಣೆ, ಅಂದರೆ ಕ್ಯಾಂಪರ್, ಹಾಗೂ ಹಿಂದೆ ಸಾದಾ ಟ್ರೇಲರ್, ಇದು ನಡುದಾರಿ. ಟ್ರೇಲರನ್ನು ಬೇರೆ ಕೆಲಸಕ್ಕೂ, ಕ್ಯಾಂಪರನ್ನು ಕುದುರೆಯಿಲ್ಲದ ಪ್ರವಾಸಕ್ಕೂ ಬಳಸಬಹುದು. ಎಡವುವುದು ತೂಕದಲ್ಲಿ. ಕ್ಯಾಂಪರೇ ಒಂದು ಟನ್ ಆಸುಪಾಸು ತೂಗುತ್ತದೆ, ಅದರ ಮೇಲೆ ಕೊಂಡಿಯ ಭಾರ ಬೇರೆ. ಎರಡೂ ಬೀಳುವುದು ಅದೇ ಹಿಂದಿನ ಅಚ್ಚಿನ ಮೇಲೆ. ತೊಟ್ಟಿ ತುಂಬಿರುವುದರಿಂದ ಗೂಸ್‌ನೆಕ್ ಟ್ರೇಲರ್ ಇದರ ಜೊತೆ ಹೊಂದುವುದೇ ಇಲ್ಲ. ಮುಂದೆ ದೊಡ್ಡ ಟ್ರೇಲರ್ ಕೊಳ್ಳುವ ಆಸೆಯಿದ್ದರೆ ಈಗ ಕ್ಯಾಂಪರಿಗೆ ಹಣ ಹಾಕಬೇಡಿ.

ವಾಹನವೇ ಇಲ್ಲದೆ, ಕುದುರೆಯ ಬೆನ್ನ ಮೇಲೆಯೇ ಬಿಡಾರ ಹೊತ್ತು ಹೋಗುವ ಕನಸು ಎಲ್ಲರಿಗೂ ಒಮ್ಮೆಯಾದರೂ ಬೀಳುತ್ತದೆ. ಕುದುರೆ ಹೊರಬೇಕಾದ ಭಾರಕ್ಕೆ ದೇಹತೂಕದ ಐದನೇ ಒಂದು ಭಾಗ ಎಂಬುದು ಸಾಮಾನ್ಯ ಮಿತಿ. 450 ಕಿಲೋದ ಕುದುರೆಗೆ 90 ಕಿಲೋ. ಎಪ್ಪತ್ತು ಕಿಲೋದ ಸವಾರ, ಹದಿನೈದು ಕಿಲೋದ ಜೀನು, ಉಳಿದದ್ದು ಐದು ಕಿಲೋ. ಒಂದು ಮಲಗುವ ಚೀಲ, ಒಂದು ತಟ್ಟೆ, ಮುಗಿಯಿತು. ಹಾಗಾಗಿ ಸಾಮಾನಿಗೆಂದೇ ಇನ್ನೊಂದು ಕುದುರೆ ಬೇಕು, ಅದಕ್ಕೆ ಹೊರೆಯ ಜೀನು ಬೇಕು, ಎಡಬಲದ ಚೀಲಗಳನ್ನು ಪ್ರತಿ ಬೆಳಿಗ್ಗೆ ತಕ್ಕಡಿಯಲ್ಲಿ ತೂಗಿ ಸಮ ಮಾಡುವ ತಾಳ್ಮೆ ಬೇಕು. ಒಂದು ಬದಿ ಒಂದೆರಡು ಕಿಲೋ ಹೆಚ್ಚಾದರೂ ಗುಡ್ಡ ಹತ್ತುವಾಗ ಜೀನು ಜಾರಿ ಬೆನ್ನು ಹುಣ್ಣಾಗುತ್ತದೆ. ಕುದುರೆ ಬಲ್ಲವರಿಗೆ ಇದಕ್ಕಿಂತ ಸೊಗಸಾದ ಪ್ರಯಾಣವಿಲ್ಲ, ಮೊದಲ ವರ್ಷದವರಿಗೆ ಇದಕ್ಕಿಂತ ಕೆಟ್ಟ ಆರಂಭವೂ ಇಲ್ಲ.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆಯಿದ್ದು, ಸಾದಾ ಟ್ರೇಲರ್ ಈಗಾಗಲೇ ಇದ್ದರೆ ಹೈಲೈನಿನ ಸಾಮಾನು ಕೊಂಡು, ಇರುವ ಡೇರೆಯಲ್ಲೇ ಹೊರಡಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದಕ್ಕೆ ಇಷ್ಟು ನೇರವಾದ ಉದಾಹರಣೆ ಬೇರೆ ಸಿಗದು. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ ಅದನ್ನು ನಿಮ್ಮ ಹಾಸಿಗೆಗೆ ಹಾಕುವ ಮೊದಲು ಕುದುರೆಯ ಅಂಗಳಕ್ಕೆ ಹಾಕಿ: ಮರಗಳಿಲ್ಲದ ಕಡೆ ಹೋಗುವವರಾದರೆ ಹಗುರ ಚೌಕಟ್ಟು, ಬೇಲಿ ಬಲ್ಲ ಕುದುರೆಯಾದರೆ ಒಳ್ಳೆಯ ಎನರ್ಜೈಸರ್ ಮತ್ತು ಮಾಪಕ. ಒಬ್ಬರೇ ಒಂದೇ ಕುದುರೆಯೊಂದಿಗೆ ಹೋಗುವವರಿಗೆ ಚೌಕಟ್ಟಿನ ದೊಡ್ಡಿಯೇ ಮೇಲು. ಗುಂಪಿನ ಪ್ರಾಣಿ ಒಂಟಿಯಾದಾಗ ಜೊತೆ ಹುಡುಕಿಕೊಂಡು ಬೇಲಿ ಮುರಿಯುತ್ತದೆ, ಹಗ್ಗಕ್ಕೆ ಜಗ್ಗುತ್ತದೆ.

ವಾಸದ ಟ್ರೇಲರಿಗೆ ಮನಸ್ಸು ಮಾಡಿದ್ದರೆ ಒಂದು ಋತುವಿನ ಮಟ್ಟಿಗೆ ಬಾಡಿಗೆಗೋ, ಗೆಳೆಯರಿಂದ ಎರವಲಿಗೋ ತಂದು ಓಡಿಸಿ ನೋಡಿ. ಬಳಸಿದ ಟ್ರೇಲರ್ ಕೊಳ್ಳುವವರು ಹೊಳೆಯುವ ಅಡುಗೆಮನೆ ನೋಡುವ ಮೊದಲು ಕುದುರೆಯ ಜಾಗದ ರಬ್ಬರ್ ಹಾಸನ್ನು ಎತ್ತಿಸಲಿ. ಮೂತ್ರಕ್ಕೆ ಮರದ ಹಲಗೆ ಕೊಳೆಯುತ್ತದೆ, ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ. ಚೂಪು ಚಾಕುವಿನ ತುದಿ ಹಲಗೆಯೊಳಗೆ ಸುಲಭವಾಗಿ ಇಳಿದರೆ ಮಾತು ಮುಗಿಯಿತು. ಟೈರಿನ ಗೆರೆಗಳು ಹೊಸದರಂತಿದ್ದರೂ ಪಕ್ಕದಲ್ಲಿ ಅಚ್ಚೊತ್ತಿರುವ ತಯಾರಿಕೆಯ ವಾರ, ವರ್ಷ ಓದಿ. ಐದಾರು ವರ್ಷ ದಾಟಿದ್ದರೆ ಅವುಗಳ ಬದಲಾವಣೆಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಯಾವುದನ್ನು ಆರಿಸಿದರೂ ಮೊದಲ ರಾತ್ರಿ ಮನೆಯ ಹಿತ್ತಲಲ್ಲೋ ಲಾಯದ ಅಂಗಳದಲ್ಲೋ ಆಗಲಿ. ಹೈಲೈನ್ ಕಟ್ಟಿ, ಬೇಲಿ ಹಾಕಿ, ಹುಲ್ಲಿನ ಬಲೆ ತೂಗಿಸಿ ಅಲ್ಲೇ ಮಲಗಿ. ಬಲೆ ತುಂಬಿದಾಗ ಎತ್ತರವಾಗಿ ಕಂಡರೂ ಖಾಲಿಯಾದಂತೆ ಮೊಣಕಾಲಿನವರೆಗೆ ಇಳಿಯುತ್ತದೆ, ಕಾಲು ಸಿಕ್ಕಿಕೊಳ್ಳುವುದು ಆಗಲೇ. ಮನೆಯ ಬಕೆಟ್ಟಿನಲ್ಲೇ ನೀರು ಕೊಡಿ. ಕೆಲವು ಕುದುರೆಗಳು ಪರಊರ ನೀರನ್ನು ಮೂಸಿ ತಿರುಗಿಬಿಡುತ್ತವೆ. ಅಂಥವಕ್ಕೆ ಹೊರಡುವ ವಾರದ ಮುಂಚಿನಿಂದಲೇ ನೀರಿಗೆ ಸ್ವಲ್ಪ ಸೇಬಿನ ರಸ ಬೆರೆಸಿ ಅಭ್ಯಾಸ ಮಾಡಿಸಿದರೆ ಅಲ್ಲೂ ಅದೇ ರುಚಿ ಕೊಡಬಹುದು. ಬೆಳಿಗ್ಗೆ ಕುದುರೆಯ ಮೈಯ ಒಂದು ಪಕ್ಕಕ್ಕೆ ಹುಲ್ಲು, ಮಣ್ಣು ಮೆತ್ತಿಕೊಂಡಿದೆಯೇ ನೋಡಿ. ಮೆತ್ತಿದ್ದರೆ ಅದು ಮಲಗಿ ಎದ್ದಿದೆ. ಚುಕ್ಕಿಯ ಬಲ ಪಕ್ಕೆಯಲ್ಲಿ ಅಂಥ ಕೆಸರಿನ ಕಲೆ ಕಂಡ ಬೆಳಿಗ್ಗೆಯೇ ನಾನು ಹೈಲೈನನ್ನು ಖಾಯಂ ಮಾಡಿದ್ದು.